ನಾಲ್ಕನೆಯ ಪಿಸ್ಟನ್

ಸರಿಯಾಗಿಯೇ ಇತ್ತು. ಅದೇ ತೊಂದರೆ. ವೆಂಡೆಲ್ ಪಿಸ್ಟನ್ನಿಗೆ ಎಣ್ಣೆ ಸವರಿ, ಸಿಲಿಂಡರಿನ ಬಾಯಿಗಿಟ್ಟು ಬೆರಳು ತೆಗೆದ. ಅದು ಅವಸರವಿಲ್ಲದೆ ತನ್ನ ಭಾರಕ್ಕೆ ತಾನೇ ಒಳಗಿಳಿಯಿತು. ಬಿಗಿ ಅನ್ನುವಂತಿಲ್ಲ, ಸಡಿಲ ಅನ್ನುವಂತಿಲ್ಲ. ದೂರಲು ಏನೂ ಇರಲಿಲ್ಲ.

ಹೆಂಡತಿ ಮಾರ್ವಾಳ ದನಿ ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂತು. "ಮಧ್ಯಾಹ್ನ ಲವಾನ್ ಬರ್ತಾಳೆ. ನಾನೇ ಕರೆದೆ."

"ಇವತ್ತಾ?"

"ಇವತ್ತೇ. ಗಂಡ ಆರ್ವಿಡ್ ಬಿಟ್ಟುಹೋದ ಎಂಜಿನ್ ಓಡೋದನ್ನ ನೋಡ್ಬೇಕಂತೆ, ಪಾಪ."

"ಪಿಸ್ಟನ್ ಇನ್ನೂ ಸ್ವಲ್ಪ..."

"ಕ್ರಿಸ್‌ಮಸ್‌ನಲ್ಲೂ ಪಿಸ್ಟನ್ ಇನ್ನೂ ಸ್ವಲ್ಪಾನೇ ಇತ್ತು, ವೆಂಡೆಲ್."

ಮಾರ್ವಾ ಶಾಲೆಯೊಂದರಲ್ಲಿ ನರ್ಸ್. ಹಿಮ ಬೀಳುವ ಮೊದಲೇ ಅವಳಿಗೆ ಅರಿಜೋನಾದಿಂದ ಕೆಲಸದ ಕರೆ ಬಂದಿತ್ತು. ತಾನು ಹೋಗುವುದು ಖಚಿತ ಎಂದು ಅಂದೇ ಹೇಳಿದ್ದಳು. ಕೇಳಿದ್ದು ಒಂದೇ, ನೀನು ಬರ್ತೀಯಾ ಎಂದು. "ಅಲ್ಲಿ ಮನೆಗಳಿಗೆ ನೆಲಮಾಳಿಗೇನೇ ಇರಲ್ವಂತೆ" ಎಂದೂ ಸೇರಿಸಿದ್ದಳು. ಮಿನೆಸೋಟಾದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ತರ್ಕಶಾಸ್ತ್ರ ಕಲಿಸಿದ ವೆಂಡೆಲ್‌ಗೆ ಹೌದು, ಇಲ್ಲ, ಎರಡರಲ್ಲಿ ಒಂದನ್ನು ಹೇಳಲಾಗಲಿಲ್ಲ. ಆರ್ವಿಡ್‌ನ ಎಂಜಿನ್ ಮುಗಿಸಿಬಿಡ್ತೀನಿ, ಆಮೇಲೆ ಹೇಳ್ತೀನಿ ಎಂದುಬಿಟ್ಟ. ಕುಣಿಯಲಾರದವಳಿಗೆ ನೆಲ ಡೊಂಕಂತೆ. ವೆಂಡೆಲ್‌ಗೆ ಪಿಸ್ಟನ್ ಡೊಂಕು.

ವೆಂಡೆಲ್, ಆರ್ವಿಡ್ ಇಬ್ಬರೂ ಇದ್ದ ಸಣ್ಣ ಎಂಜಿನ್ ಕಟ್ಟುವವರ ಸಂಘದಲ್ಲಿ ಒಂದು ರೂಢಿಯಿತ್ತು. ಸತ್ತವನ ಮೇಜಿನ ಮೇಲೆ ಅರ್ಧಕ್ಕೆ ನಿಂತದ್ದನ್ನು ಬದುಕಿರುವವನೊಬ್ಬ ಮನೆಗೊಯ್ದು, ಮುಗಿಸಿ, ವಿಧವೆಯ ಎದುರು ಓಡಿಸಿ ತೋರಿಸಬೇಕು. ಆರ್ವಿಡ್ ತೀರಿಕೊಂಡಾಗ ಎಂಜಿನ್ ಇದ್ದ ಅವನ ಪೆಟ್ಟಿಗೆ ವೆಂಡೆಲ್‌ನ ಪಾಲಿಗೆ ಬಂತು. ಹಿಂದೆ ಹೊಲಗಳಲ್ಲಿ ನಿಲ್ಲುತ್ತಿದ್ದ ಪೆಟ್ರೋಲ್ ಎಂಜಿನ್ನಿನ ಮರಿ ಅದು, ಮೇಜಿನ ಮೇಲೆ ಕೂರುವಷ್ಟು.

ಬಿಚ್ಚಿ ಅಳೆದ ಮೊದಲ ದಿನವೇ ಅವನಿಗೆ ತಿಳಿಯಿತು, ಮಾಡಲು ಏನೂ ಉಳಿದಿರಲಿಲ್ಲ. ಜೋಡಿಸಿದರೆ ಸಾಕಿತ್ತು. ತಂಬಾಕಿನ ಡಬ್ಬಿಯೊಂದರಲ್ಲಿ ಮೂರು ಪಿಸ್ಟನ್‌ಗಳಿದ್ದವು. ಮೂರರ ಮೇಲೂ ಆರ್ವಿಡ್‌ನ ಹೆಸರಿನ ಮೊದಲಕ್ಷರ. ಮೂರೂ ಸರಿಯಾಗಿದ್ದವು. ಎಂಜಿನ್ನಿಗೆ ಬೇಕಿದ್ದುದು ಒಂದೇ.

ಸತ್ತವನನ್ನು ಬೆತ್ತಲೆಯಾಗಿ ನೋಡಿದಂತೆ ವೆಂಡೆಲ್‌ಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಮಾಧಾನವೂ ಬಂತು. ಮರುದಿನ ಲೇತಿನ ಮುಂದೆ ನಿಂತು ನಾಲ್ಕನೆಯದನ್ನು ಮಾಡತೊಡಗಿದ. ಕೂದಲೆಳೆಯಷ್ಟು ಹೆಚ್ಚು ಹೆರೆದು, ಕೆಟ್ಟಿತೆಂದು ಎಷ್ಟನ್ನೋ ಬಕೆಟ್ಟಿಗೆಸೆದ. ಚಳಿಗಾಲ ಹಾಗೆ ಸಾಗಿತು. ಕೊನೆಗೆ ಕೈಯೇ ಅವನಿಗೆ ದ್ರೋಹ ಬಗೆಯಿತು. ಒಂದು ಸರಿಯಾಗಿಬಿಟ್ಟಿತು.

ಲವಾನ್ ಹಿಮದ ಬೂಟು ಕಳಚಿ, ತಾನು ತಂದ ಖರ್ಜೂರದ ಸಿಹಿಯನ್ನು ಮಾರ್ವಾಳ ಕೈಗಿತ್ತು, ಕಾಫಿ ಬೇಡ ಬೇಡವೆಂದು ಕೊನೆಗೆ ತೆಗೆದುಕೊಂಡು, ಲೋಟದೊಡನೆ ಕೆಳಗಿಳಿದಳು. ಮಾರ್ವಾ ಹಿಂದೆಯೇ ಬಂದು ಕಡೆಯ ಮೆಟ್ಟಿಲ ಮೇಲೆ ನಿಂತಳು.

"ನಮ್ಮನೇಲಿ ನಾನು ಕೆಳಗೆ ಇಳಿದವಳೇ ಅಲ್ಲ," ಎಂದಳು ಲವಾನ್. "ಊಟಕ್ಕೆ ಕರೀಬೇಕಾದ್ರೆ ಪೊರಕೆ ಹಿಡಿಯಿಂದ ನೆಲ ಕುಟ್ತಿದ್ದೆ."

"ನಾನೂ ಅದನ್ನೇ ಮಾಡೋದು."

ಹೆಂಗಸರಿಬ್ಬರೂ ನಕ್ಕರು. ವೆಂಡೆಲ್ ಹೊಗೆ ಹೋಗಲೆಂದು ಗೋಡೆಯ ಮೇಲಿನ ಕಿಟಕಿ ತೆರೆದ. ಚಳಿ ನುಗ್ಗಿತು. ಅಷ್ಟರಲ್ಲಿ ಜೋಡಿಸಿಟ್ಟಿದ್ದ ಎಂಜಿನ್ನಿನ ಸ್ವಿಚ್ ಹಾಕಿ, ಅದರ ಪಕ್ಕದ ಚಕ್ರ ತಿರುಗಿಸಿದ. ಮೊದಲ ಸಲ ಆಗಲಿಲ್ಲ, ಅವನಿಗೆ ಖುಷಿಯಾಯಿತು. ಎರಡನೆಯ ಸಲ ಢಬ್ ಎಂದಿತು. ಢಬ್, ಢಬ್ ಎಂದು ವೇಗ ಹಿಡಿದು, ಆಮೇಲೆ ಸದ್ದಡಗಿ ಉಸ್, ಉಸ್ ಎನ್ನುತ್ತ ಸುಮ್ಮನೆ ಸುತ್ತತೊಡಗಿತು.

"ಅಯ್ಯೋ, ಕೆಟ್ಟೋಯ್ತಾ?" ಎಂದಳು ಲವಾನ್.

"ಇಲ್ಲ. ಇದು ಹೀಗೇ. ವೇಗ ಸಾಕಾದಾಗ ಈ ಕೊಕ್ಕೆ ವಾಲ್ವನ್ನ ತೆರೆದೇ ಹಿಡ್ಕೊಳ್ಳುತ್ತೆ. ಒಳಗೆ ಏನೂ ಉರಿಯಲ್ಲ. ಇನ್ನೇನು ನಿಲ್ಬೇಕು ಅನ್ನೋವಾಗ ಒಂದ್ಸಲ ಉರಿಯುತ್ತೆ."

"ಯಾಕೆ?"

"ನಿಲ್ಲಬಾರದಲ್ಲ, ಅದಕ್ಕೆ."

"ಇದು ಏನು ಕೆಲಸ ಮಾಡುತ್ತೆ?"

"ದೊಡ್ಡದಾದ್ರೆ ನೀರೆತ್ತೋದು, ಜೋಳ ಬಿಡಿಸೋದು. ಇದಕ್ಕೆ ಏನೂ ಕಟ್ಟಿಲ್ಲ."

ಢಬ್. ಲವಾನಳ ಕಾಫಿ ತುಳುಕಿತು.

"ಬೇರೆ ಥರ ಇದೆ," ಎಂದಳು. ಆ ಕಡೆಯವರು ಹಿಡಿಸದ್ದಕ್ಕೆ ಹೇಳುವ ಮಾತದು. ಲೋಟವನ್ನು ಮೇಜಿನ ಮೇಲಿಟ್ಟಳು. "ವೆಂಡೆಲ್, ನಿಜ ಹೇಳು. ಆರ್ವಿಡ್‌ಗೆ ಇದರಲ್ಲಿ ಮಾಡೋಕೆ ಏನು ಉಳಿದಿತ್ತು?"

"ಪಿಸ್ಟನ್. ಅದು ಬಹಳ ಕಷ್ಟದ್ದು. ಯಾರಿಗೂ ಬೇಗ ಆಗಲ್ಲ."

"ಹಾಗೋ." ಬಿಗಿದಿದ್ದ ಅವಳ ಹೆಗಲು ಸಡಿಲವಾಯಿತು. "ನನ್ನ ಮುಖ ನೋಡ್ಬೇಕಾಗುತ್ತೆ ಅಂತ ಕೆಳಗೆ ಕೂತಿರ್ತಾನೇನೋ ಅಂದ್ಕೊಂಡಿದ್ದೆ. ನಾನೊಬ್ಬಳು ಹುಚ್ಚಿ."

ವೆಂಡೆಲ್ ತಲೆಯೆತ್ತಿದಾಗ ಮಾರ್ವಾಳ ಕೈಯಲ್ಲಿ ತಂಬಾಕಿನ ಡಬ್ಬಿಯಿತ್ತು. ಮೆಟ್ಟಿಲ ಪಕ್ಕದ ಹಲಗೆಯಿಂದ ಅದನ್ನು ತೆಗೆಯಲು ಅವನು ಮರೆತಿದ್ದ. ಅವಳು ಒಂದೊಂದೇ ಪಿಸ್ಟನ್ ಎತ್ತಿ ಅಕ್ಷರ ನೋಡಿದಳು. ಆಮೇಲೆ ಸದ್ದಾಗದಂತೆ ಮುಚ್ಚಳ ಹಾಕಿ, "ಬಾ ಲವಾನ್, ಚಳಿ ಜಾಸ್ತಿ" ಎಂದು ಅವಳನ್ನು ಮೇಲೆ ಕರೆದೊಯ್ದಳು.

ಮೇಲೆ ಬಾಗಿಲಲ್ಲಿ ನಿಂತು ಬೀಳ್ಕೊಡುವ ಮಾತು ಎಂದಿನಂತೆ ಉದ್ದವಾಯಿತು. ಅದು ಮುಗಿಯದಿರಲಿ ಎಂದು ವೆಂಡೆಲ್ ಬಯಸಿದ. ಕಾರು ಹೋಯಿತು. ಮಾರ್ವಾ ಡಬ್ಬಿ ಹಿಡಿದು ಮೆಟ್ಟಿಲ ತುದಿಗೆ ಬಂದಳು.

"ಇದರಲ್ಲಿ ಯಾವುದು ಕೂರಲಿಲ್ಲ?"

ಅವನು ಎಂಜಿನ್ನನ್ನು ನೋಡಿದ. "ಮೂರೂ ಕೂರುತ್ತೆ."

"ಅವಳಿಗೆ ಸುಳ್ಳು ಹೇಳಿದ್ದು ಒಳ್ಳೇದೇ ಆಯ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವನಿಗೆ ಹೆದರಿಕೆಯಾಯಿತು. "ನಾನು ಅಡುಗೆಮನೇಲಿರ್ತೀನಿ. ಅದನ್ನ ಆರಿಸಿ ಮೇಲೆ ಬಾ. ಬಂದು ಹೇಳು. ಹೌದೋ, ಇಲ್ವೋ, ಯಾವುದಾದ್ರೂ ಒಂದು."

ಹೆಜ್ಜೆ ಸದ್ದು ಅವನ ತಲೆಯ ಮೇಲೆ ಹಾದು, ಕುರ್ಚಿ ಎಳೆದ ಸದ್ದಾಗಿ ನಿಂತಿತು.

ಸ್ವಿಚ್ಚಿನ ಮೇಲೆ ಬೆರಳಿಟ್ಟ. ತಾನಾಗಿ ನಿಲ್ಲಲಿ, ಹೋಗುತ್ತೇನೆ ಎಂದುಕೊಂಡ. ಪೆಟ್ರೋಲ್ ತಳ ಕಂಡಿತ್ತು. ಚಕ್ರ ಸೋತು, ಇನ್ನೇನು ಸಾಕೆನ್ನುವಾಗ ಕೊಕ್ಕೆ ಬಿಟ್ಟಿತು. ಢಬ್. ಮತ್ತೆ ಉಸ್, ಉಸ್.

ಮೇಲೆ ಪೊರಕೆ ಹಿಡಿ ನೆಲಕ್ಕೆ ಕುಟ್ಟಿತು. ಒಂದೇ ಸಲ.

ಬರ್ತೀನಿ ಎನ್ನಲು ಬಾಯಿ ತೆರೆದ. ಎದುರಿಗೆ ಚಕ್ರ ಮತ್ತೆ ಸೋಲುತ್ತಿತ್ತು, ಈ ಸಲ ನಿಜವಾಗಿ, ಕೆಮ್ಮುತ್ತ. ವೆಂಡೆಲ್ ಕಿವಿಗೊಟ್ಟು ಕೇಳಿದ. ಆಮೇಲೆ ಮೆಲ್ಲಗೆ ಬೆರಳು ತೆಗೆದು, ಪೆಟ್ರೋಲ್ ಕ್ಯಾನಿನ ಮುಚ್ಚಳ ತಿರುವಿ, ಒಂದು ಹನಿಯೂ ಚೆಲ್ಲದಂತೆ ಪುಟ್ಟ ಟ್ಯಾಂಕನ್ನು ತುಂಬತೊಡಗಿದ.