ಬಾಳಮ್ಮನ ಹತ್ತರ ನಾಣ್ಯ

ಸುವರ್ಣಾ ಟ್ರಂಕಿನಲ್ಲಿದ್ದ ಅರಿವೆಯ ಗಂಟನ್ನು ಎರಡೂ ಕೈಯಿಂದ ಎಳೆದಳು. ಗಂಟು ಬಿಚ್ಚಿ ಪಡಸಾಲೆಯ ತುಂಬ ನಾಣ್ಯ ಉರುಳಿದವು. ಹಣೆಗೆ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂರಿಸಿದ್ದ ಅವಳ ತಾಯಿ ಬಾಳಮ್ಮನ ಹೆಣದ ಪಾದಕ್ಕೂ ಒಂದು ಹೋಗಿ ತಾಗಿತು.

"ಬರೇ ಹತ್ತರ ಕಾಯಿನ್ನು!" ಸೋದರಮಾವ ಸಿದ್ದಾರೂಢ ತಲೆ ಚಚ್ಚಿಕೊಂಡ. "ಒಂದ್ರುಪಾಯಿ, ಎರಡ್ರುಪಾಯಿ ಇಲ್ಲೇನವ್ವಾ?"

"ಇಲ್ಲ ಮಾಮಾ. ಈಗ ಎಲ್ಲಾರೂ ಫೋನಿನ್ಯಾಗ ಹಾಕ್ತಾರ."

"ನಾನೂ ಬಜಾರ ತುಂಬ ಕೇಳಿ ಬಂದೇನ್ರಿ," ಎಂದ ಬಾಗಿಲಲ್ಲಿದ್ದ ಸೈಕಲ್ ಅಂಗಡಿಯ ಮಹಮ್ಮದಹನೀಫ. "ಎಲ್ಲಾರ ಗಲ್ಲಾದಾಗೂ ಚಿಲ್ಲರ ಬದಲಿ ಚಾಕಲೇಟ್ ಅದಾವ. ಚಾಕಲೇಟ್ ತೂರೂಣೇನು?"

ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿ ನಕ್ಕರು.

ತುಂಬು ಬಾಳು ಬಾಳಿದವರ ಹೆಣದ ಮೇಲೆ ಹೊರ್ತಿ ಊರಿನಲ್ಲಿ ಚುರುಮುರಿಯ ಜೊತೆ ಚಿಲ್ಲರೆ ತೂರುತ್ತಾರೆ. ಜನ ಮುಗಿಬಿದ್ದು ಆರಿಸಿ ಮನೆಗೆ ಒಯ್ಯುತ್ತಾರೆ; ಸತ್ತವರ ಆಯುಷ್ಯ ಒಯ್ದಂತೆ. ಯಾರೂ ಆರಿಸದೆ ರೊಕ್ಕ ರಸ್ತೆಯಲ್ಲಿ ಉಳಿಯಿತೋ, ಹೆಣಕ್ಕೆ ಅದಕ್ಕಿಂತ ಅವಮಾನವಿಲ್ಲ. ಹತ್ತರ ನಾಣ್ಯವಂತೂ ಈ ಸೀಮೆಯಲ್ಲಿ ನಾಯಿಗೂ ಬೇಡ. ಸರ್ಕಾರ ನಡೆಯುತ್ತದೆ ಅಂದಿತು, ಬಜಾರು ನಡೆಯುವುದಿಲ್ಲ ಅಂದಿತು, ಬಜಾರೇ ಗೆದ್ದಿತು.

"ನಡೀಲಾರದ ರೊಕ್ಕ ತೂರಿ ಅಕ್ಕನ ಮರ್ಯಾದಿ ಕಳೀಬ್ಯಾಡ. ಬರೇ ಚುರುಮುರಿ ಸಾಕು," ಎಂದ ಸಿದ್ದಾರೂಢ.

"ಅವ್ವ ಕೇಳಿದ್ದು ಒಂದ, ಮಾಮಾ. ನಾ ಹೋಗೂವಾಗ ರೊಕ್ಕದ ಸಪ್ಪಳ ಆಗಬೇಕು ಅಂದಿದ್ಲು."

\*\*\*

ಬಸ್‌ಸ್ಟ್ಯಾಂಡಿನ ಎದುರು ಬಾಳಮ್ಮನ ಭಜಿ ಅಂಗಡಿ. ಒಲೆಯ ಪಕ್ಕ ಒಂದು ಕರಿಕಲ್ಲು. ಯಾರೇ ನಾಣ್ಯ ಕೊಡಲಿ, ಅದರ ಮೇಲೆ ಟಣ್ಣೆಂದು ಬಡಿದು, ಸಪ್ಪಳ ಕೇಳಿಯೇ ಡಬ್ಬಿಗೆ ಹಾಕುವಳು. ಅವಳ ಅಜ್ಜಿ ಬೆಳ್ಳಿ ರೂಪಾಯಿಯನ್ನು ಹಾಗೆ ನೋಡುತ್ತಿದ್ದಳಂತೆ. ಮೊಮ್ಮಗಳಿಗೆ ಬೆಳ್ಳಿ ಸಿಗಲಿಲ್ಲ, ಚಟ ಸಿಕ್ಕಿತು.

ರಸ್ತೆಯಾಚೆ ಗುರಪ್ಪನ ಕಿರಾಣಿ ಅಂಗಡಿ. 'ಹತ್ತರ ನಾಣ್ಯ ತೆಗೆದುಕೊಳ್ಳುವುದಿಲ್ಲ' ಎಂದು ಅವನು ರಟ್ಟು ತೂಗುಹಾಕಿದ್ದ. ಅವನು ಬೇಡವೆಂದ ನಾಣ್ಯವೆಲ್ಲ ರಸ್ತೆ ದಾಟಿ ಬಾಳಮ್ಮನ ಭಜಿ ತಿನ್ನುತ್ತಿತ್ತು.

"ಬಾಳಕ್ಕಾ, ಹುಚ್ಚ ಹಿಡದೈತೇನು? ಈ ನಡೀಲಾರದ ಬಿಲ್ಲಿ ಕೂಡಿಟ್ಟು ಏನ್ ಮಾಡ್ತಿ?" ಎಂದು ಗುರಪ್ಪ ಒಮ್ಮೆ ಕೇಳಿದ್ದ.

"ಸುವರ್ಣಾ ತಂದಿಟ್ಟ ಈ ಫೋನಿನ ರೊಕ್ಕದ ಡಬ್ಬಿ 'ರೊಕ್ಕ ಬಂತು' ಅಂತ ಒದರತೈತಿ. ರೊಕ್ಕ ಕಂಡಿಲ್ಲ, ಮುಟ್ಟಿಲ್ಲ, ಆದ್ರೂ ನಂಬಿ ಭಜಿ ಕೊಡ್ತೇನಿ. ಇದರ ಮ್ಯಾಲ ಸಿಂಹ ಕುಂತೈತಿ, ಕಣ್ಣಿಗಿ ಕಾಣತೈತಿ. ಇದನ್ನ ಒಲ್ಲೆ ಅನ್ಲೇನು?"

"ನಾಳೆ ನಿನ್ನ ಕಡಿಂದ ಯಾರ್ ತಗೋತಾರ?"

"ನೀನ ತಗೋತಿ. ನೋಡ್ತಿರು."

\*\*\*

ಹೆಣ ಎತ್ತಿ ಹಲಗೆ ಬಡಿಯತೊಡಗಿದರು. ಸುವರ್ಣಾ ಉಡಿಯಲ್ಲಿ ಚುರುಮುರಿಗೆ ನಾಣ್ಯ ಬೆರೆಸಿಕೊಂಡು ನಡೆದಳು. ಮೊದಲ ಹಿಡಿ ತೂರಿದಳು. ಡಾಂಬರಿನ ಮೇಲೆ ಟಣಟಣ ಎಂದಿತು. ಒಬ್ಬಾಕೆ ಬಗ್ಗಿ ಎತ್ತಿ, ನೋಡಿ, "ಹತ್ತರದು" ಎಂದು ಅಲ್ಲೇ ಬಿಟ್ಟಳು. ಉಳಿದವರು ದಾಟಿ ನಡೆದರು.

"ಸಾಕ್ ಮಾಡವ್ವಾ," ಸಿದ್ದಾರೂಢ ಹಲ್ಲು ಕಚ್ಚಿದ.

ಅವಳ ಮೋರೆ ಸುಟ್ಟಂತಾಯಿತು. ಕೈ ಮತ್ತೆ ಉಡಿಗೆ ಹೋಯಿತು.

ಬಸ್‌ಸ್ಟ್ಯಾಂಡ್ ಬಂತು. ಗುರಪ್ಪ ಅರ್ಧ ಶಟರ್ ಇಳಿಸಿ ಮೆಟ್ಟಿಲ ಮೇಲೆ ಕೈಮುಗಿದು ನಿಂತಿದ್ದ. ಅವಳು ತೂರಿದ್ದರಲ್ಲಿ ಒಂದು ಉರುಳುತ್ತ ಹೋಗಿ ಅವನ ಮೆಟ್ಟಿಲಿಗೆ ಬಡಿದು ಬಿತ್ತು. ಗುರಪ್ಪ ಅದನ್ನು ನೋಡಿದ, ಹೆಣವನ್ನು ನೋಡಿದ. ಮಂಡಿ ಹಿಡಿದುಕೊಂಡು ಬಗ್ಗಿ ಎತ್ತಿದ. ಕಲ್ಲಿನ ಮೆಟ್ಟಿಲಿಗೆ ಟಣ್ಣೆಂದು ಬಡಿದು, ಕತ್ತು ಓರೆ ಮಾಡಿ ಕೇಳಿದ.

"ಖರೇ ಐತಿ, ಬಾಳಕ್ಕಾ," ಎಂದ.

ಕಣ್ಣಿಗೊತ್ತಿಕೊಂಡು, ಶಟರಿನ ಕೆಳಗೆ ನುಸುಳಿ, ಆ ರಟ್ಟಿನ ಕೆಳಗಿದ್ದ ಗಲ್ಲಾ ಎಳೆದು ಒಳಗೆ ಹಾಕಿದ.

ಹಿಂದೆ ಗದ್ದಲವೆದ್ದಿತು. "ಏ, ಸರೀರಿ! ನನಗೊಂದು!" ಹನೀಫನ ದನಿ ಎಲ್ಲಕ್ಕಿಂತ ಮೇಲೆ.

ತಿರುವಿನಲ್ಲಿ ಸುವರ್ಣಾ ತಿರುಗಿ ನೋಡಿದಳು. ರಸ್ತೆಯುದ್ದಕ್ಕೂ ಬರೀ ಚುರುಮುರಿ ಬಿದ್ದಿತ್ತು.