ಅತ್ತೆಮ್ಮನ ಲೆಕ್ಕದಲ್ಲಿ ನಿಲ್ಲದ ಗಾಡಿ

ಆ ಸ್ಟೇಷನ್ನಿನಲ್ಲಿ ಎರಡು ಕಂಪನಿಗಳ ಗಾಡಿಗಳು ಓಡಾಡುತ್ತಿದ್ದವು. ಕಟ್ಟಡ, ಪ್ಲಾಟ್‌ಫಾರಂ, ಗಡಿಯಾರ, ಮೈಕು ಎಲ್ಲವೂ ದೊಡ್ಡ ಗಾಡಿಯ ಕಂಪನಿಯದು. ಸಣ್ಣ ಗಾಡಿಯವರದು ಅಲ್ಲಿ ಬಾಡಿಗೆ ಸಂಸಾರ. ಹಜಾರದ ಮೂಲೆಯಲ್ಲಿ ಒಂದು ಟಿಕೆಟ್ ಕಿಟಕಿ, ಒಂದು ಕುರ್ಚಿ, ಗೋಡೆಗೆ ಹೊಡೆಯಲು ಅರ್ಜಿ ಹಾಕಿ ಅನುಮತಿ ಪಡೆದ ಒಂದೇ ಒಂದು ಮೊಳೆ, ಇಷ್ಟೇ ಅವರ ಆಸ್ತಿ.

ದೊಡ್ಡ ಗಾಡಿಯ ಕಿಟಕಿಯಲ್ಲಿ ಕೂರುತ್ತಿದ್ದ ಗುಮಾಸ್ತನನ್ನು ಜನ ರೂಲ್ಸಪ್ಪ ಎನ್ನುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯವಿದ್ದದ್ದು ಅವನ ನಾದಿನಿಗೆ ಮಾತ್ರ. ಮೂಲೆಯ ಸಣ್ಣ ಗಾಡಿಯ ಕಿಟಕಿಯಲ್ಲಿ ಕೂರುತ್ತಿದ್ದವಳೂ ಅವಳೇ. ಮದುವೆ ತನಗೆ ಒಗ್ಗುವ ಸಂಗತಿಯಲ್ಲ ಎಂದು ಮೊದಲೇ ಹೇಳಿಬಿಟ್ಟು, ಅಕ್ಕನ ಮನೆಯ ಮಹಡಿ ಕೋಣೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಪೇಪರಿಗೆ ಭಾವನ ಜೊತೆ ಜಗಳ, ಆಮೇಲೆ ಬಚ್ಚಲಿಗೆ ಜಗಳ, ಆಮೇಲೆ ಅಕ್ಕ ಕಟ್ಟಿಕೊಟ್ಟ ಒಂದೇ ಥರದ ಎರಡು ಊಟದ ಡಬ್ಬಿ ಹಿಡಿದು ಇಬ್ಬರೂ ಒಟ್ಟಿಗೆ ನಡೆದು ಸ್ಟೇಷನ್ನಿಗೆ. ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಮಾತ್ರ ನೀನ್ಯಾರೋ ನಾನ್ಯಾರೋ. ಒಂದು ಕಿಟಕಿಯವರು ಇನ್ನೊಂದು ಕಿಟಕಿಯವರ ಗಾಡಿಯ ಬಗ್ಗೆ ಬಾಯಿ ಬಿಡಕೂಡದು ಎಂದು ಎರಡು ಕಂಪನಿಗಳ ಕರಾರಿನಲ್ಲಿ ಬರೆದಿತ್ತು. ನಾದಿನಿ ಅದನ್ನು ನೆನಪಾದಾಗ ಪಾಲಿಸುತ್ತಿದ್ದಳು. ರೂಲ್ಸಪ್ಪ ಉಸಿರಾಡುವಷ್ಟು ಸಲೀಸಾಗಿ ಪಾಲಿಸುತ್ತಿದ್ದ.

ಇನ್ನು ಅತ್ತೆಮ್ಮನ ವಿಷಯ. ಎರಡು ವರ್ಷದ ಹಿಂದೆ ದೊಡ್ಡ ಕಂಪನಿ ತಾನಾಗಿಯೇ ಘೋಷಣೆ ಮಾಡುವ ಯಂತ್ರವೊಂದನ್ನು ತಂದು ಕೂರಿಸಿತು. ಒಳ್ಳೆ ತುಂಬು ಕಂಠದ, ಯಾವುದಕ್ಕೂ ಅನುಮಾನವೇ ಇಲ್ಲದ ಹೆಂಗಸಿನ ದನಿ. ಅದರ ತಲೆಯೊಳಗೆ ತುಂಬಿದ್ದದ್ದು ದೊಡ್ಡ ಗಾಡಿಗಳ ವೇಳೆ ಮಾತ್ರ. ಹಳಿಯ ಮೇಲೆ ಬೇರೆ ಏನಾದರೂ ಬರುತ್ತಿದೆ ಎಂದು ಗೊತ್ತಾದರೆ, ಅದು ನಮ್ಮದಲ್ಲ, ಆದ್ದರಿಂದ ಇಲ್ಲಿ ನಿಲ್ಲುವುದಿಲ್ಲ ಎಂದು ತೀರ್ಮಾನ ಮಾಡಿಬಿಡುತ್ತಿತ್ತು. 'ಗಮನಿಸಿ. ಎರಡನೇ ಪ್ಲಾಟ್‌ಫಾರಂಗೆ ಬರುತ್ತಿರುವ ಗಾಡಿ ಇಲ್ಲಿ ನಿಲ್ಲುವುದಿಲ್ಲ. ದಯವಿಟ್ಟು ಹಳದಿ ಗೆರೆಯಿಂದ ಹಿಂದೆ ಸರಿದು ನಿಲ್ಲಿ.' ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಸಣ್ಣ ಗಾಡಿ ಏದುಸಿರು ಬಿಡುತ್ತಾ ಬಂದು, ನಿಂತು, ಬಾಗಿಲು ತೆರೆದು, ನಲವತ್ತು ಸೆಕೆಂಡು ಕಾದು, ಬಾಗಿಲು ಹಾಕಿಕೊಂಡು ಹೋಗುತ್ತಿತ್ತು. ಸೊಸೆ ಹೊಸಿಲ ಮೇಲೆ ನಿಂತಿದ್ದರೂ ನಮ್ಮನೆಗೆ ಯಾರೂ ಬಂದಿಲ್ಲ ಎನ್ನುವ ಅತ್ತೆ ಇವಳು ಎಂದು ನಾದಿನಿ ಅಂದದ್ದೇ ತಡ, ಯಂತ್ರಕ್ಕೆ ಆ ಹೆಸರೇ ನಿಂತಿತು.

ದಿನಾ ಓಡಾಡುವವರು ನಕ್ಕು ಹತ್ತಿಕೊಳ್ಳುತ್ತಿದ್ದರು. ಕಷ್ಟವಾದದ್ದು ಹೊಸಬರಿಗೆ. ಸಣ್ಣ ಗಾಡಿಯ ಮುಂದಿನ ನಿಲ್ದಾಣದ ಪಕ್ಕದಲ್ಲೇ ಒಂದು ಕಣ್ಣಾಸ್ಪತ್ರೆ ಆಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕ ಮುದುಕಿಯರು, ಅವರ ಕೈ ಹಿಡಿದವರು, ದೊಡ್ಡ ಗಾಡಿಯಲ್ಲಿ ಬಂದಿಳಿದು ಎರಡನೇ ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರು. ಅತ್ತೆಮ್ಮ ಹಿಂದೆ ಸರಿಯಿರಿ ಎಂದರೆ ಗೋಡೆಗೆ ಬೆನ್ನು ಹಚ್ಚುವವರೆಗೂ ಸರಿಯುತ್ತಿದ್ದರು. ಟಿಕೆಟ್ ಕೊಡುವಾಗ ನಾದಿನಿ ನಿಲ್ಲುತ್ತದೆ ಎಂದಿದ್ದರೂ, ಅಕ್ಕಪಕ್ಕದವರು ಹತ್ತಿ ಎಂದು ಕೈ ಬೀಸಿದರೂ, ಮೈಕಿನಲ್ಲೇ ಹೇಳುತ್ತಿದ್ದಾರಲ್ಲ, ಇವರ ಮಾತು ಕೇಳಿ ಹತ್ತಿ ಎಲ್ಲೋ ಹೋಗಿಬಿಟ್ಟರೆ ಎಂಬ ಭಯ. ಆ ಮೀನಮೇಷದಲ್ಲೇ ನಲವತ್ತು ಸೆಕೆಂಡು ಮುಗಿಯುತ್ತಿತ್ತು. ರೂಲ್ಸಪ್ಪ ತನ್ನ ಕಂಪನಿಗೆ ಇದರ ಬಗ್ಗೆ ಮೂರು ಪತ್ರ ಬರೆದಿದ್ದ. ಗಮನಿಸಲಾಗಿದೆ ಎಂದು ಮೂರು ಉತ್ತರ ಬಂದಿದ್ದವು.

ಹೀಗಿರುವಾಗ ಸಣ್ಣ ಕಂಪನಿಯಿಂದ ನಾದಿನಿಗೆ ಒಂದು ಆದೇಶ ಬಂತು. ಈ ಸ್ಟೇಷನ್ನಿನಲ್ಲಿ ಹತ್ತುವವರು ಕಡಿಮೆ. ಸೋಮವಾರದಿಂದ ಮೂರು ದಿನ ಎಣಿಕೆಯವನೊಬ್ಬ ಬರುತ್ತಾನೆ. ಹನ್ನೊಂದು ನಲವತ್ತರ ಗಾಡಿಗೆ ಆ ಮೂರರಲ್ಲಿ ಒಂದು ದಿನವಾದರೂ ನಲವತ್ತು ಜನ ಹತ್ತದಿದ್ದರೆ ಗಾಡಿ ಇನ್ನು ಇಲ್ಲಿ ನಿಲ್ಲುವುದಿಲ್ಲ, ಕಿಟಕಿ ಮುಚ್ಚುತ್ತದೆ, ಕಿಟಕಿಯವರು ಹಳಿಯ ಆ ಕೊನೆಯ ಊರಿಗೆ ವರ್ಗವಾಗುತ್ತಾರೆ. ಅಲ್ಲಿಂದ ಮನೆಗೆ ಬಂದು ಹೋಗಬೇಕೆಂದರೆ ಒಂದಿಡೀ ದಿನ ಬೇಕು. ಅತ್ತೆಮ್ಮ ಎರಡು ವರ್ಷದಿಂದ ಹೇಳುತ್ತಿದ್ದ ಸುಳ್ಳು ಈಗ ನಿಜವಾಗುವ ಹಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಂಗಿಯ ತಟ್ಟೆಗೆ ಬೇಡವೆಂದರೂ ಬಡಿಸಿದಳು. ನಾದಿನಿ ಭಾವನ ಕಡೆ ತಿರುಗಿ, ಮೂರೇ ದಿನ, ನಿಮ್ಮ ಕಿಟಕಿಗೆ ಬಂದು ಕೇಳುವ ಆಸ್ಪತ್ರೆಗೆ ಹೋಗುವವರಿಗೆ ಸಣ್ಣ ಗಾಡಿ ನಿಲ್ಲುತ್ತದೆ ಎಂದು ಒಂದು ಮಾತು ಹೇಳಿ ಎಂದಳು. ಅವನು ಅನ್ನ ಕಲಸುತ್ತಾ, ಆಗುವುದಿಲ್ಲ ಎಂದ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಜಗಳವಾಡದೆ ಎದ್ದು ಹೋದದ್ದು ಅದೇ ಮೊದಲು.

ಅವನ ಹಟಕ್ಕೆ ಕಾರಣ ಬರೀ ಕರಾರಲ್ಲ. ನಾದಿನಿ ಬರುವುದಕ್ಕೂ ಮುಂಚೆ ಒಬ್ಬ ಗಾರೆಯವನು ಅವನ ಕಿಟಕಿಗೆ ಬಂದು ಸಣ್ಣ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದ್ದ. ಇನ್ನೇನು ಬಂತು, ಇಲ್ಲೇ ಕಾಯಿ ಎಂದು ಇವನು ಧಾರಾಳವಾಗಿ ಹೇಳಿದ್ದ. ಅವತ್ತು ಆ ಗಾಡಿ ರದ್ದಾಗಿತ್ತು. ಗಾರೆಯವನು ಎರಡು ಗಂಟೆ ಬೆಂಚಿನ ಮೇಲೆ ಕಾದ. ಆಸ್ಪತ್ರೆಯಲ್ಲಿದ್ದ ಅವನ ಅಪ್ಪ ಅಷ್ಟು ಹೊತ್ತು ಕಾಯಲಿಲ್ಲ. ವಾರದ ಮೇಲೆ ಅವನು ಬಂದು ಸಿಟ್ಟಿಲ್ಲದೆ ಒಂದೇ ಮಾತು ಹೇಳಿ ಹೋದ. "ಗೊತ್ತಿಲ್ಲ ಅಂದಿದ್ರೆ ನಾನು ನಡ್ಕೊಂಡಾದ್ರೂ ಹೋಗ್ತಿದ್ದೆ ಸ್ವಾಮಿ." ಅವತ್ತಿನಿಂದ ರೂಲ್ಸಪ್ಪ ತನ್ನದಲ್ಲದ ಗಾಡಿಯ ಬಗ್ಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೆಂಡತಿಗಲ್ಲದೆ ಇದನ್ನು ಬೇರೆ ಯಾರಿಗೂ ಹೇಳಿರಲಿಲ್ಲ.

ಸೋಮವಾರ ಎಣಿಕೆಯವನು ಬಂದ. ಕೈಯಲ್ಲಿ ಒತ್ತಿದರೆ ಟಕ್ ಎನ್ನುವ ಪುಟ್ಟ ಯಂತ್ರ, ಮುಖದಲ್ಲಿ ಯಾರ ಪರವೂ ಅಲ್ಲದ ಭಾವ. ಹದಿನೇಳು ಟಕ್ ಆಯಿತು. ಮಂಗಳವಾರ ನಾದಿನಿ ದೊಡ್ಡ ಅಕ್ಷರದಲ್ಲಿ 'ಸಣ್ಣ ಗಾಡಿ ನಿಲ್ಲುತ್ತದೆ' ಎಂದು ಬರೆದು ಎರಡನೇ ಪ್ಲಾಟ್‌ಫಾರಂನ ಕಂಬಕ್ಕೆ ಅಂಟಿಸಿ ಬಂದಳು. ಕಂಬ ದೊಡ್ಡ ಕಂಪನಿಯದು. ಹತ್ತು ನಿಮಿಷದೊಳಗೆ ರೂಲ್ಸಪ್ಪ ಹೋಗಿ ಅದನ್ನು ಹರಿಯದ ಹಾಗೆ ಬಿಡಿಸಿ, ನಾಲ್ಕು ಮಡಿಕೆ ಮಾಡಿ, ತನ್ನ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡ. ಅವತ್ತು ಹತ್ತೊಂಬತ್ತು ಟಕ್. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವರು ಇಪ್ಪತ್ತೈದಕ್ಕೆ ಕಡಿಮೆಯಿರಲಿಲ್ಲ. ಸಂಜೆ ನಾದಿನಿ ಮನೆಗೆ ಅವನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆದಳು.

ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ತಂಗಿಯದನ್ನು ಬೇರೆ, ತಮ್ಮದನ್ನು ಬೇರೆ ಇಡುತ್ತಿದ್ದಳು. ಹನ್ನೊಂದು ವರ್ಷ ಎಲ್ಲವನ್ನೂ ಒಂದೇ ರಾಶಿ ಹಾಕಿದವಳು. ಅವನು ಎರಡು ರಾಶಿಯನ್ನೂ ನೋಡಿದ. ಗಾರೆಯವನ ಮಾತನ್ನೇ ಮತ್ತೆ ತೆಗೆದು, ಗೊತ್ತಿಲ್ಲದ್ದನ್ನು ಹೇಳಬಾರದು ಎಂದು ನಾನು ಕಲಿತದ್ದು ತಪ್ಪೇನು ಎಂದು ತಾನೇ ಕೇಳಿದ.

"ತಪ್ಪಿಲ್ಲ," ಎಂದಳು ಹೆಂಡತಿ. "ಆದ್ರೆ ಗೊತ್ತಿರೋದನ್ನೂ ಹೇಳದೆ ಕೂತ್ಕೊಳ್ಳೋದಕ್ಕೆ ಏನಂತಾರೆ? ಅದನ್ನ ನೀವೇ ಹೇಳಿ."

ಮಲಗಿದ ಮೇಲೆ ಅವನು ಕರಾರಿನ ಸಾಲುಗಳನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿಕೊಂಡ. ಬಾಯಿ ಬಿಡಬಾರದು ಎಂದಿತ್ತು. ಆ ಗಾಡಿಗೆ ಕಾಲಿಡಬಾರದು ಎಂದು ಎಲ್ಲೂ ಇರಲಿಲ್ಲ.

ಬುಧವಾರ ಹನ್ನೊಂದೂವರೆಗೆ, ಅಂದರೆ ಅವನ ಊಟದ ಬಿಡುವು ಶುರುವಾಗುವ ನಿಮಿಷಕ್ಕೆ ಸರಿಯಾಗಿ, ರೂಲ್ಸಪ್ಪ ಕಿಟಕಿಯ ಷಟರ್ ಎಳೆದ. ದೊಡ್ಡ ಕಂಪನಿಯ ಹಿತ್ತಾಳೆ ಗುಂಡಿಯ ನೀಲಿ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಹಜಾರ ದಾಟಿ ಮೂಲೆಯ ಕಿಟಕಿಯ ಮುಂದೆ ಬಂದು ನಿಂತ. ಇಷ್ಟು ವರ್ಷಗಳಲ್ಲಿ ಆ ಇಪ್ಪತ್ತು ಹೆಜ್ಜೆಯನ್ನು ಅವನು ನಡೆದಿರಲೇ ಇಲ್ಲ.

"ಕಣ್ಣಾಸ್ಪತ್ರೆಗೆ ಒಂದು. ಹೋಗಿ ಬರೋದಕ್ಕೆ."

ನಾದಿನಿ ಇಷ್ಟು ದಿನದ ಮುನಿಸನ್ನು ಒಂದೇ ಗಳಿಗೆಗೆ ಮರೆತಳು. "ಭಾವ, ಕಣ್ಣಿಗೇನಾಯ್ತು?"

"ಏನೂ ಆಗಿಲ್ಲ. ಟಿಕೆಟ್ ಕೊಡು, ಹಿಂದೆ ಜನ ಕಾಯ್ತಿದಾರೆ."

ಹಿಂದೆ ಒಬ್ಬರೂ ಇರಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಾ ಟಿಕೆಟ್ ಹರಿದುಕೊಟ್ಟಳು.

ಪ್ಲಾಟ್‌ಫಾರಂನಲ್ಲಿ ಆಸ್ಪತ್ರೆಗೆ ಹೋಗುವವರೇ ಮೂವತ್ತು ಜನರ ಹತ್ತಿರ ಇದ್ದರು. ಅತ್ತೆಮ್ಮ ಗಂಟಲು ಸರಿಮಾಡಿಕೊಂಡು, ಈ ಗಾಡಿ ಇಲ್ಲಿ ನಿಲ್ಲುವುದಿಲ್ಲ ಎಂದಳು. ಜನ ಎಂದಿನಂತೆ ಗೋಡೆಗೆ ಸರಿದರು. ರೂಲ್ಸಪ್ಪ ಸರಿಯಲಿಲ್ಲ. ಹಳದಿ ಗೆರೆಯ ಹಿಂದೆ, ಬೂಟಿನ ತುದಿ ಗೆರೆಗೆ ತಾಗುವಷ್ಟು ಹತ್ತಿರದಲ್ಲಿ ನೆಟ್ಟಗೆ ನಿಂತಿದ್ದ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿಯೊಬ್ಬಳು ಬಂದು ಅವನ ಕೋಟಿನ ತೋಳು ಹಿಡಿದು, ಇದು ನಿಲ್ಲಲ್ವಂತಪ್ಪಾ, ಹಿಂದೆ ಬಾ ಎಂದಳು. ಅವನ ಬಾಯಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಅಷ್ಟರಲ್ಲಿ ಗಾಡಿ ಬಂದು ನಿಂತಿತು. ಬಾಗಿಲು ತೆರೆಯಿತು. ಅವನು ಅಜ್ಜಿಯ ಚೀಲವನ್ನು ಒಂದು ಕೈಯಲ್ಲಿ, ಅವಳ ಕೈಯನ್ನು ಇನ್ನೊಂದರಲ್ಲಿ ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟ.

ಮೈಕು ಹೇಳಿದ್ದು ಒಂದು, ಮೈಕಿನ ಮನೆಯವನೇ ಮಾಡಿದ್ದು ಇನ್ನೊಂದು. ಜನ ಕೋಟಿನ ಗುಂಡಿಗಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಕಟ್ಟೆ ಒಡೆದ ನೀರಿನಂತೆ ನುಗ್ಗಿದರು. ಟಕ್ ಟಕ್ ಟಕ್ ಎನ್ನುವುದು ಬಾಗಿಲ ಹೊರಗಿಂದ ಕೇಳುತ್ತಿತ್ತು. ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದುಬಿಡುವುದು ರೂಲ್ಸಪ್ಪನ ಲೆಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಜನ ಅವನನ್ನು ಬೋಗಿಯ ನಟ್ಟನಡುವೆ ತಂದು ನಿಲ್ಲಿಸಿದ್ದರು. ಚೀಲ ಅವನ ಕೈಯಲ್ಲೇ ಇತ್ತು, ಅಜ್ಜಿ ಕೈ ಬಿಟ್ಟಿರಲಿಲ್ಲ. ಬಾಗಿಲು ಮುಚ್ಚಿತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನು ಕೆಲಸದ ದಿನ ತನ್ನ ಸ್ಟೇಷನ್ ತನ್ನಿಂದ ದೂರ ಹೋಗುವುದನ್ನು ನೋಡಿದ.

ಹಿಂದಿರುಗಲು ಗಾಡಿ ಸಿಕ್ಕಿದ್ದು ಒಂದು ಗಂಟೆ ಹೊತ್ತು ಕಾದ ಮೇಲೆ. ಊಟದ ಬಿಡುವು ಮುಗಿದು ಮುಕ್ಕಾಲು ಗಂಟೆಯಾಗಿತ್ತು. ಒಂದು ಹತ್ತರ ದೊಡ್ಡ ಗಾಡಿಗೆ ಟಿಕೆಟ್ ಕೇಳಿಕೊಂಡು ಜನ ಬಂದಿರುತ್ತಾರೆ, ಮುಚ್ಚಿದ ಕಿಟಕಿ ನೋಡಿ ಹೋಗಿರುತ್ತಾರೆ. ಅವನಿಗೆ ಗಾರೆಯವನು ಕೂತಿದ್ದ ಬೆಂಚು ಕಣ್ಣ ಮುಂದೆ ಬಂತು. ಸ್ಟೇಷನ್ ಹತ್ತಿರವಾದಂತೆ ಹೊರಗಿನಿಂದ ಅತ್ತೆಮ್ಮನ ದನಿ ಕೇಳಿಸಿತು. ಈ ಗಾಡಿ ಇಲ್ಲಿ ನಿಲ್ಲುವುದಿಲ್ಲ. ರೂಲ್ಸಪ್ಪ ಒಂದು ಕ್ಷಣ ಅದನ್ನು ನಿಜವೆಂದೇ ನಂಬಿ ಬಾಗಿಲ ಸರಳು ಹಿಡಿದುಕೊಂಡ. ಗೊತ್ತಿದ್ದವನಿಗೇ ಹೀಗಾದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಗತಿ ಏನು ಎಂದುಕೊಳ್ಳುತ್ತಾ ಆ ನಿಲ್ಲದ ಗಾಡಿಯಿಂದ ಇಳಿದ.

ಎಣಿಕೆಯವನು ಬೆಂಚಿನ ಮೇಲೆ ಕೂತು ವರದಿ ಬರೆಯುತ್ತಿದ್ದ. ತಲೆ ಎತ್ತದೆ, "ನಲವತ್ತಾರು. ನೀವೂ ಸೇರಿ," ಎಂದ.

"ನಾನು ದೊಡ್ಡ ಗಾಡಿಯವನು."

"ಟಿಕೆಟ್ ಇತ್ತಲ್ಲ."

ನಿಯಮ ಅಂದರೆ ನಿಯಮ.

ರೂಲ್ಸಪ್ಪ ಓಡುತ್ತಲೇ ಹಳಿ ಮೇಲಿನ ಸೇತುವೆ ದಾಟಿ ಹಜಾರಕ್ಕೆ ಬಂದರೆ, ಅವನ ಕಿಟಕಿಯ ಮುಂದೆ ನಾಲ್ಕು ಜನ ಸಾಲಾಗಿ ನಿಂತಿದ್ದರು. ತಡವಾಯಿತು ಎಂದು ಅವನು ಕೈ ಮುಗಿಯುವ ಮೊದಲೇ ಮುಂದಿದ್ದ ಹೆಂಗಸು, "ಬರ್ತೀರಿ ಅಂತ ಬರೆದಿತ್ತು. ಅದಕ್ಕೇ ಕಾದ್ವಿ," ಎಂದಳು.

ಷಟರಿನ ಮೇಲೆ ಒಂದು ಕಾಗದ ಅಂಟಿಸಿತ್ತು. ನಾದಿನಿಯ ದುಂಡು ಅಕ್ಷರ. 'ಈ ಕಿಟಕಿಯವರು ಸಣ್ಣ ಗಾಡಿಯಲ್ಲಿ ಹೋಗಿದ್ದಾರೆ. ಸಣ್ಣ ಗಾಡಿಯಲ್ಲೇ ಬರುತ್ತಾರೆ. ಗಾಡಿ ಇಲ್ಲಿ ನಿಲ್ಲುತ್ತದೆ. ಒಂದು ಗಂಟೆಗೆ ಮುಂಚೆ ಟಿಕೆಟ್ ಸಿಗುತ್ತದೆ, ಗಾಬರಿಯಾಗಬೇಡಿ.'

ಗಡಿಯಾರ ನೋಡಿದ. ಒಂದಕ್ಕೆ ಇನ್ನೂ ಮೂರು ನಿಮಿಷವಿತ್ತು. ಮೂಲೆಯ ಕಿಟಕಿಯಲ್ಲಿ ನಾದಿನಿ ಊಟದ ಡಬ್ಬಿಯಲ್ಲಿ ಮುಖ ಹುದುಗಿಸಿ, ಅವನನ್ನು ಜನ್ಮದಲ್ಲೇ ನೋಡಿಲ್ಲವೆಂಬಂತೆ ತಿನ್ನುತ್ತಿದ್ದಳು. ಕಣ್ಣು ಮಾತ್ರ ಕೆಂಪಾಗಿತ್ತು.

ಷಟರು ದೊಡ್ಡ ಕಂಪನಿಯದು. ರೂಲ್ಸಪ್ಪ ಅಭ್ಯಾಸಬಲದಿಂದ ಕಾಗದದ ಮೂಲೆಗೆ ಉಗುರು ಹಾಕಿದ. ಅಂಟು ಇನ್ನೂ ಹಸಿಯಾಗಿತ್ತು, ಮೂಲೆ ಸುಲಭವಾಗಿ ಎದ್ದಿತು. ಇನ್ನೊಮ್ಮೆ ಓದಿದ. ಆಮೇಲೆ ಎದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿ, ಕಾಗದ ಸುಕ್ಕಾಗದ ಹಾಗೆ ಮೆಲ್ಲಗೆ ಷಟರ್ ಎತ್ತಿದ.