ಬ್ಯಾಹಟ್ಟಿಯವರು ಬಿಚ್ಚದ ಹಾಳೆ

ನಾನು ಒಂದು ಬರೆಯುವ ಪುಸ್ತಕ. ಇನ್ನೂರು ಪುಟ, ಗಟ್ಟಿ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಹುಬ್ಬಳ್ಳಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ನನ್ನ ಜೊತೆ ಹುಟ್ಟಿದ ಹನ್ನೊಂದು ಮಂದಿ ಒಂದೇ ಗಂಟಿನಲ್ಲಿ ಒಂದು ಶಾಲೆಗೆ ಹೋಗಿ ಹಾಜರಿ ಪುಸ್ತಕಗಳಾದರು. ನನ್ನ ಅಂಟು ಒಣಗುವ ಮೊದಲೇ ಯಾರೋ ಮರೆತು ಮೇಲೆ ಕೂತದ್ದರಿಂದ ನನ್ನ ಬೆನ್ನು ಸೊಟ್ಟಗಾಗಿತ್ತು. ಶಾಲೆಯವರು ನನ್ನನ್ನು ಮೂಸಿಯೂ ನೋಡಲಿಲ್ಲ. ಆಗ ನನಗೆ ಅಳು ಬಂದಿತ್ತು. ಆಮೇಲೆ ಯೋಚಿಸಿದರೆ, ದಿನಾ ಬೆಳಿಗ್ಗೆ ಅದೇ ಹೆಸರುಗಳನ್ನು ಕೂಗಿಸಿಕೊಳ್ಳುವ ಬಾಳಿಗಿಂತ ನನ್ನದೇ ವಾಸಿ ಅನಿಸಿತು. ಎಷ್ಟು ವಾಸಿ ಎಂಬುದನ್ನು ಓದಿ ನೀವೇ ಹೇಳಿ.

ನನ್ನನ್ನು ಕೊಂಡವರು ಫಕ್ಕೀರಪ್ಪ ಕೊಣ್ಣೂರ. ಹಳೇ ಹುಬ್ಬಳ್ಳಿಯಲ್ಲಿ ಅವರದೊಂದು ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇತ್ತು, ಹೆಸರು ವಿಹಾರ ವಾಚನಾಲಯ. ಒಂದು ಕೋಣೆ, ನಾಲ್ಕು ಕಪಾಟು, ಹೊರಗೆ ಒಂದು ಉದ್ದನೆಯ ಬೆಂಚು. ಅಲ್ಲಿ ಕಾದಂಬರಿಗಳಿಗಿಂತ ಹೆಚ್ಚು ಬೇಡಿಕೆ ಇದ್ದದ್ದು ‘ಹವಳದ್ವೀಪ’ ಎಂಬ ಮಾಸಿಕ ಚಿತ್ರಕಥೆಗೆ. ಅಜ್ಜಿಕಥೆಗಳಲ್ಲಿ ಬರುವವರೆಲ್ಲ, ಅಂದರೆ ರಾಜಕುಮಾರ, ರಾಕ್ಷಸ, ಮಾತಾಡುವ ಗಿಣಿ, ಮಾಟಗಾತಿ, ಎಲ್ಲರೂ ಒಂದೇ ದ್ವೀಪದಲ್ಲಿ ಒಬ್ಬರಿಗೊಬ್ಬರು ನೆರೆಹೊರೆಯವರಾಗಿ ಬಾಳುವ ಕಥೆ ಅದು. ನಾನು ಬರುವ ಹೊತ್ತಿಗೆ ಅರವತ್ತು ಸಂಚಿಕೆ ದಾಟಿತ್ತು. ಮಕ್ಕಳಿಗೆಂದು ಹೊರಟ ಪುಸ್ತಕ, ಆದರೆ ನಮ್ಮ ಬೆಂಚಿನ ಮೇಲೆ ಕೂತು ಅದಕ್ಕಾಗಿ ಕಾದಾಡುತ್ತಿದ್ದವರೆಲ್ಲ ಮೀಸೆ ಬಂದವರು, ಕೆಲಸಕ್ಕೆ ಹೋಗುವವರು.

ಅವರು ತಮ್ಮ ಜಗಳವನ್ನು ಪುಸ್ತಕದ ಅಂಚಿನಲ್ಲೇ ಬರೆಯುತ್ತಿದ್ದರು. ಒಬ್ಬರು ರಾಜಕುಮಾರಿಗೆ ಮೀಸೆ ಬರೆದದ್ದೇ ಫಕ್ಕೀರಪ್ಪನವರ ತಾಳ್ಮೆ ಮುಗಿಯಿತು. ನನಗೆ ದಾರ ಕಟ್ಟಿ, ಮೇಜಿನ ಪಕ್ಕದ ಮೊಳೆಗೆ ನೇತುಹಾಕಿ, "ಏನ್ ಬರೀತೀರೋ ಇದರಾಗ ಬರೀರಿ. ನನ್ನ ಪುಸ್ತಕಕ್ಕ ಪೆನ್ನು ಹಚ್ಚಿದ್ರ ನೋಡ್ರಿ ಮತ್ತ," ಅಂದರು.

ಅದಕ್ಕೆ ಎರಡು ನಿಯಮಗಳೂ ಹುಟ್ಟಿಕೊಂಡವು. ಯಾರಾದರೂ ಹೊಸ ಸಂಚಿಕೆಯಲ್ಲಿ ಏನಾಯಿತೆಂದು ಬರೆದರೆ, ಹಾಳೆಯನ್ನು ಬರಹ ಒಳಗೆ ಬರುವಂತೆ ಉದ್ದಕ್ಕೆ ಅರ್ಧ ಮಡಿಚಿ, ಹೊರಗೆ ಸಂಚಿಕೆಯ ಸಂಖ್ಯೆ ಹಾಕಬೇಕು. ಆ ಸಂಚಿಕೆ ಓದಿದವರು ಮಾತ್ರ ಬಿಚ್ಚಬಹುದು. ಓದದವರು ಕಥೆಯ ಗುಟ್ಟು ತಿಳಿದು ಮಜಾ ಕಳೆದುಕೊಳ್ಳಬಾರದಲ್ಲ, ಅದಕ್ಕೆ. ಇನ್ನೊಂದು, ಮಡಿಕೆಯ ಮೇಲೆ ಒಬ್ಬರ ಹೆಸರು ಬರೆದಿದ್ದರೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಇದು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಹಂಗಿಸಲಿಕ್ಕೆ ಇದ್ದ ಅನುಕೂಲ. ಕಾವಲುಗಾರ ಯಾರೂ ಇರಲಿಲ್ಲ. ಆದರೂ ಒಬ್ಬರೂ ನಿಯಮ ಮುರಿಯಲಿಲ್ಲ. ಹೊರಗಿನ ಲೋಕದಲ್ಲಿ ಅವರು ಎಷ್ಟು ಪ್ರಾಮಾಣಿಕರೋ ನನಗೆ ಗೊತ್ತಿಲ್ಲ. ನನ್ನ ಹಾಳೆಗಳ ವಿಷಯದಲ್ಲಿ ಮಾತ್ರ ಅವರು ಅಪ್ಪಟ ಚಿನ್ನ.

ಅವರೆಲ್ಲರಲ್ಲಿ ನನಗೆ ಬಲು ಇಷ್ಟವಾದವರು ಇಬ್ಬರು. ಈರಸಂಗಪ್ಪ ಬ್ಯಾಹಟ್ಟಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೂವತ್ತು ದಾಟಿದ ಆಳು, ಎಷ್ಟು ತೊಳೆದರೂ ಬೆರಳ ತುದಿಯಲ್ಲಿ ಗ್ರೀಸಿನ ಕಪ್ಪು ಉಳಿಯುತ್ತಿತ್ತು, ಅದು ನನ್ನ ಅಂಚಿಗೂ ಹತ್ತುತ್ತಿತ್ತು. ನೀಲಗಂಗಾ ಹೊಸಮನಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಇಡೀ ವಾರ ಪರರ ಮಾತನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಿ, ತನ್ನ ಮಾತನ್ನು ಭಾನುವಾರಕ್ಕೆ ಉಳಿಸಿಕೊಂಡು ಬರುತ್ತಿದ್ದವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಇಬ್ಬರೂ ಹವಳದ್ವೀಪದ ಒಂದೊಂದು ಚಿತ್ರವನ್ನೂ ಬಾಯಿಪಾಠ ಮಾಡಿದವರು.

ಅವರ ಜಗಳದ ಮೂಲ ಕಪ್ಪೆ ಮಂತ್ರಿ. ಶಾಪದಿಂದ ಕಪ್ಪೆಯಾದ ಈ ಮಂತ್ರಿ ತಲೆಗೆ ರುಮಾಲು ಸುತ್ತಿ, ಕಿವಿಗೆ ಲೇಖನಿ ಸಿಕ್ಕಿಸಿಕೊಂಡು ಅರಮನೆಯಲ್ಲಿ ಓಡಾಡುತ್ತಿದ್ದ. ಕಪ್ಪೆಗೆ ಕಿವಿ ಎಲ್ಲಿಂದ ಬಂತು ಎಂದು ನೀಲಗಂಗಾ ನನ್ನ ಹನ್ನೆರಡನೆಯ ಪುಟದಲ್ಲಿ ಕೇಳಿದಳು. ರುಮಾಲಿನ ಮಡಿಕೆಗೆ ಸಿಕ್ಕಿಸಿದ್ದಾನೆ, ಸರಿಯಾಗಿ ನೋಡಿ ಎಂದು ಬ್ಯಾಹಟ್ಟಿಯವರು ಚಿತ್ರ ಬರೆದು ತೋರಿಸಿದರು. ನೀರಿಗೆ ಹಾರುವಾಗ ರುಮಾಲನ್ನು ಎಲ್ಲಿ ಇಡುತ್ತಾನೆ ಎಂದು ಅವಳು ಮತ್ತೆ ಕೇಳಿದಳು. ಹೀಗೆ ಹದಿನಾರು ಪುಟ ಸಾಗಿತು. ಪ್ರೀತಿ ಅಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಆದರೆ ಭಾನುವಾರ ಬಂದ ಕೂಡಲೇ ಇಬ್ಬರ ಕೈಯೂ ಮೊದಲು ನನ್ನ ಕಡೆ ಬರುತ್ತಿತ್ತು. ಹೋದ ಸಲ ಆ ಇನ್ನೊಬ್ಬರು ಏನು ಬರೆದಿದ್ದಾರೆಂದು ಹುಡುಕುವಾಗ ಆ ಕೈಗಳು ಅವಸರ ಮಾಡುತ್ತಿದ್ದವು.

ಎಪ್ಪತ್ತನೆಯ ಸಂಚಿಕೆಯ ಹೊತ್ತಿಗೆ ಪ್ರಕಾಶಕರು ಕಪ್ಪೆ ಮಂತ್ರಿಯನ್ನು ದ್ವೀಪದಿಂದ ಹೊರಡಿಸಿ, ‘ಕಪ್ಪೆ ಮಂತ್ರಿಯ ಪ್ರಯಾಣ’ ಎಂದು ಅವನದೇ ಬೇರೆ ಪುಸ್ತಕ ತೆಗೆದರು. ನೀಲಗಂಗಾಳಿಗೆ ಹಬ್ಬ. ಬ್ಯಾಹಟ್ಟಿಯವರಿಗೆ ಮಾತ್ರ ಕೆಂಡದಂಥ ಸಿಟ್ಟು.

"ಆಂವಾ ಇಲ್ಲದ ಅರಮನಿ ಹಾಳ ಬಿತ್ತು. ನೂರನೇ ಸಂಚಿಕಿಗೆ ಶಾಪ ಕಳೀತದ ಅಂತ ಕಾಯಾಕತ್ತಿದ್ದೆ. ಒಂದ ಕತಿ ಮುರದು ಎರಡ ಮಾಡ್ಯಾರ," ಅಂದರು. ಆಮೇಲೆ ನನ್ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ‘ಆ ಹೊಸ ಪುಸ್ತಕವನ್ನು ನಾನು ಕೈಯಿಂದ ಸಹ ಮುಟ್ಟುವುದಿಲ್ಲ.’ ಕೆಳಗೆ ಸಹಿ, ತಾರೀಖು.

ನೀಲಗಂಗಾ ಪ್ರತಿ ತಿಂಗಳೂ ಅವರನ್ನು ಒಲಿಸಲು ನೋಡಿದಳು. ಬ್ಯಾಹಟ್ಟಿಯವರು ಜಪ್ಪಯ್ಯ ಅನ್ನಲಿಲ್ಲ. ಅದೊಂದು ಆಟವೇ ಆಯಿತು. ಬೆಂಚಿನವರು ನಗುತ್ತಿದ್ದರು, ನಾನೂ ಒಳಗೊಳಗೇ ನಗುತ್ತಿದ್ದೆ.

‘ಪ್ರಯಾಣ’ದ ಒಂಬತ್ತನೆಯ ಸಂಚಿಕೆ ಬಂದ ವಾರ, ಬುಧವಾರ ಮಧ್ಯಾಹ್ನ, ನೀಲಗಂಗಾ ಡ್ಯೂಟಿ ಮುಗಿಸಿ ಒಬ್ಬಳೇ ಬಂದಳು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಆ ಸಂಚಿಕೆಯಲ್ಲಿ ಕಪ್ಪೆ ಮಂತ್ರಿ ಒಂದು ಹೊಳೆಯ ದಂಡೆಗೆ ಬರುತ್ತಾನೆ. ಮನುಷ್ಯನಾಗುವ ಮದ್ದು ಆಚೆ ದಡದಲ್ಲಿ ಇದೆಯೆಂದು ಕೇಳಿರುತ್ತಾನೆ. ದೋಣಿ ನಡೆಸುವ ಹೆಂಗಸು ಅವನಿಗೆ ಹೇಳುತ್ತಾಳೆ: ‘ಮದ್ದು ಸಿಗುವವರೆಗೆ ಕಾಯಬೇಡ. ನೀನು ಹೇಗಿದ್ದೀಯೋ ಹಾಗೇ ಸಾಕು. ನನ್ನ ದೋಣಿಯಲ್ಲಿ ಒಬ್ಬರಿಗೆ ಜಾಗ ಇದೆ, ಬರುತ್ತೀಯಾ?’ ಅಷ್ಟಕ್ಕೇ ಸಂಚಿಕೆ ಮುಗಿಯುತ್ತದೆ.

ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆಗೆದಳು. ಆಮೇಲೆ ಬರೆದಳು. ಅವಳ ಅಕ್ಷರ ಎಂದೂ ಅಷ್ಟು ಸಣ್ಣದಾಗಿರಲಿಲ್ಲ. ‘ಬ್ಯಾಹಟ್ಟಿಯವರ, ದೋಣಿಯಾಕಿ ಕಡೀಗೆ ಕೇಳಿದ್ದನ್ನ ನಾನು ನಿಮಗ ಕೇಳಾಕತ್ತೀನಿ. ಸೊಲ್ಲಾಪುರದವರು ನನ್ನ ನೋಡಿ ಹೋಗ್ಯಾರ. ಬರೋ ಐದನೇ ತಾರೀಖಿನೊಳಗ ಮನ್ಯಾಗ ನಾನು ಹೂಂ ಇಲ್ಲಾ ಊಹೂಂ ಹೇಳಬೇಕು. ನೀವು ಇದರ ಕೆಳಗ ಒಂದ ಅಕ್ಷರ ಬರದ್ರೂ ಸಾಕು.’

ಮೂರು ಸಾಲು ಜಾಗ ಬಿಟ್ಟಳು. ಹಾಳೆ ಮಡಿಚಿದಳು. ಹೊರಗೆ ‘ಪ್ರಯಾಣ, ಸಂಚಿಕೆ ೯. ಬ್ಯಾಹಟ್ಟಿಯವರಿಗೆ ಮಾತ್ರ’ ಎಂದು ಬರೆದು, ಉಗುರಿನಿಂದ ಮಡಿಕೆ ತೀಡಿದಳು.

ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ನಾನೂ ವರ್ಷಗಟ್ಟಲೆ ಅದನ್ನೇ ಅಂದುಕೊಂಡೆ. ಆದರೆ ಅವರಿಬ್ಬರು ಕಪ್ಪೆ ಮಂತ್ರಿಯ ಹೊರತು ಬೇರೆ ಯಾವ ಮಾತನ್ನೂ ಎದುರುಬದುರು ಆಡಿದವರಲ್ಲ. ಮನಸ್ಸಿನ ಮಾತೆಲ್ಲ ನನ್ನ ಮೂಲಕವೇ ಹೋಗಿ ರೂಢಿಯಾಗಿತ್ತು.

ಭಾನುವಾರ ಬ್ಯಾಹಟ್ಟಿಯವರು ಮಡಿಕೆಯ ಮೇಲೆ ತಮ್ಮ ಹೆಸರು ನೋಡಿ ಜೋರಾಗಿ ನಕ್ಕರು. "ನೀಲಗಂಗಾ ಬಾಯಾರು ಮತ್ತ ಬಲಿ ಹಾಸ್ಯಾರ. ನಾ ಬೀಳಂಗಿಲ್ರಿ," ಅಂದರು. ಅವಳು ಬೆಂಚಿನ ಆ ತುದಿಯಲ್ಲಿ ಕೂತಿದ್ದಳು. ನಗಲಿಲ್ಲ. ಅದನ್ನು ಅವರು ಗಮನಿಸಲಿಲ್ಲ, ನಾನು ಗಮನಿಸಿದೆ.

ಮುಂದಿನ ಭಾನುವಾರ ಅವರು ನನ್ನನ್ನು ಮೇಜಿನ ಮೇಲಿಟ್ಟು ಹವಳದ್ವೀಪದ ಬಗ್ಗೆ ಬರೆಯುತ್ತಿದ್ದಾಗ, ಫ್ಯಾನಿನ ಗಾಳಿಗೆ ನನ್ನ ಪುಟಗಳು ಪಟಪಟ ತಿರುಗಿದವು. ಮಡಿಚಿದ ಆ ಹಾಳೆ ತಾನಾಗಿ ಬಾಯಿ ತೆರೆಯಿತು. ನನ್ನ ಜನ್ಮದಲ್ಲಿ ಗಾಳಿಯನ್ನು ಅಷ್ಟು ಮೆಚ್ಚಿದ್ದು ಅದೊಂದೇ ಸಲ. ಕಣ್ಣು ಕೆಳಗೆ ಹಾಕಿದ್ದರೆ ಸಾಕಿತ್ತು. ಆ ಮಹರಾಯರು ಏನು ಮಾಡಿದರು ಗೊತ್ತೆ? ಮುಖವನ್ನು ಅತ್ತ ತಿರುಗಿಸಿ, ಕಣ್ಣು ಮುಚ್ಚಿ, ಕೈಯಲ್ಲೇ ತಡಕಾಡಿ ಹಾಳೆಯನ್ನು ಮೊದಲಿನಂತೆ ಮಡಿಚಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

ಫಕ್ಕೀರಪ್ಪನವರಿಗೇ ಕನಿಕರ ಬಂತು. ಒಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. "ನೋಡಿ ಬಿಡ್ರಿ ಬ್ಯಾಹಟ್ಟಿಯವರ. ಗಾಳಿ ಬಿಚ್ಚೇತಿ, ನೀವೇನ ಬಿಚ್ಚಿಲ್ಲ," ಅಂದರು.

"ಸಂಚಿಕಿ ಓದಲಾರದ ನೋಡಿದ್ರ ನನಗೂ ಕಳ್ಳಗೂ ಏನ್ ಫರಕ್ ಉಳೀತ್ರಿ?"

"ಹಂಗಾರ ಒಂಬತ್ತನೇದ್ದು ಓದ್ರಿ. ಕಪಾಟಿನ್ಯಾಗs ಐತಿ."

"ಸಹಿ ಮಾಡೀನ್ರಿ ನಾನು. ಸಹಿ ಮಾಡಿದ ಮ್ಯಾಲ ಮುಗೀತು."

ಒಳ್ಳೆಯ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದದ್ದು ಆ ದಿನ. ಅವರ ಹೆಬ್ಬೆರಳಿನ ಕಪ್ಪು ಗುರುತು ಮಡಿಕೆಯ ಮೇಲೆ ಈಗಲೂ ಇದೆ.

ನಾಲ್ಕನೆಯ ತಾರೀಖು ಭಾನುವಾರ ಬಿತ್ತು. ನೀಲಗಂಗಾ ಬಂದು ನನ್ನನ್ನು ಮೊಳೆಯಿಂದ ಇಳಿಸಿ, ನಿಧಾನವಾಗಿ ಪುಟ ತಿರುಗಿಸಿ, ಮಡಿಕೆ ಮಡಿಕೆಯಾಗೇ ಇರುವುದನ್ನು ನೋಡಿದಳು. ಬ್ಯಾಹಟ್ಟಿಯವರು ಬೆಂಚಿನ ಮೇಲೆ ಹವಳದ್ವೀಪ ಓದುತ್ತಿದ್ದರು.

"ಒಂಬತ್ತನೇದ್ದು ಓದಲಿಲ್ಲೇನ್ರಿ?" ಎಂದು ಕೇಳಿದಳು.

ಅವರು ತಲೆ ಎತ್ತಿ ನಕ್ಕರು. "ನೀವು ಎಷ್ಟ ಹೇಳ್ರಿ, ಆ ಕಪ್ಪಿ ಮಾರಿ ನಾ ನೋಡಂಗಿಲ್ಲ."

"ನಾ ಹೇಳಿದ್ರೂನೂ?"

"ಯಾರ ಹೇಳಿದ್ರೂ ಅಷ್ಟರಿ."

"ಹಂಗಾರ ಬಿಡ್ರಿ," ಅಂದಳು. ನನ್ನನ್ನು ಮತ್ತೆ ಮೊಳೆಗೆ ಹಾಕಿ ಹೊರಟುಹೋದಳು. ಆ ಹಾಳೆಯನ್ನು ಅವಳು ಹರಿದುಕೊಂಡು ಹೋಗಬಹುದಿತ್ತು. ಹೆಸರು ಬರೆದ ಮೇಲೆ ಅದು ಅವರ ಸೊತ್ತು ಎಂದು ಬಿಟ್ಟಳೋ ಏನೋ. ಅವರು ಅದನ್ನು ಓದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಮಾತಿಗಾಗಿ ಒಂದು ಸಣ್ಣ ಪುಸ್ತಕ ಓದಲಾರದ ಮನುಷ್ಯನ ಬಳಿ ಮುಂದೆ ಏನು ಕೇಳುವುದು ಎಂದು ಅವಳಿಗೆ ಅನಿಸಿರಬೇಕು. ನನಗೆ ಬಾಯಿ ಇದ್ದಿದ್ದರೆ ಅವತ್ತು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ.

ಎರಡು ತಿಂಗಳಿಗೆ ಅವಳ ಲಗ್ನಪತ್ರಿಕೆ ವಾಚನಾಲಯಕ್ಕೆ ಬಂತು. ಫಕ್ಕೀರಪ್ಪನವರು ಎಲ್ಲರೂ ನೋಡಲೆಂದು ಅದನ್ನು ನನ್ನೊಳಗೇ ಇಟ್ಟರು. ಬ್ಯಾಹಟ್ಟಿಯವರು ಅದನ್ನು ಓದಿ, "ಸೊಲ್ಲಾಪುರ ದೂರ ಆತು," ಅಂದರು. ಆಮೇಲೆ ಒಂಬತ್ತು ಭಾನುವಾರ ಬರಲಿಲ್ಲ. ಬಂದ ಮೇಲೂ ಬರೆಯುವ ಹುರುಪು ಇರಲಿಲ್ಲ. ಸಂಚಿಕೆಗೆ ಎರಡು ಸಾಲು, ಮೂರು ಸಾಲು. ಕಪ್ಪೆ ಮಂತ್ರಿಯ ಹೆಸರನ್ನು ಮತ್ತೆ ಎತ್ತಲಿಲ್ಲ.

ಹವಳದ್ವೀಪ ನೂರಾ ಹದಿನಾಲ್ಕಕ್ಕೆ ನಿಂತಿತು. ಬೆಂಚಿನವರು ಒಬ್ಬೊಬ್ಬರಾಗಿ ಚದುರಿದರು. ಮನೆಮನೆಗೆ ಟಿವಿ ಬಂತು, ಆಮೇಲೆ ಕೈಕೈಗೆ ಫೋನ್ ಬಂತು. ನಾನು ಮೊಳೆಯಲ್ಲೇ ಹಳದಿಯಾದೆ. ವಾಚನಾಲಯದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಆಗುವಾಗ ಫಕ್ಕೀರಪ್ಪನವರು ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದರು. ನನ್ನನ್ನು ಮಾತ್ರ ಬ್ಯಾಹಟ್ಟಿಯವರ ಮನೆಗೆ ತಂದು, "ಇದರಾಗ ಜಾಸ್ತಿ ನಿಮ್ಮ ಜಗಳನs ಅದಾವ. ನೀವs ಇಟಗೋರಿ," ಎಂದು ಕೊಟ್ಟರು. ಬ್ಯಾಹಟ್ಟಿಯವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ.

ನಾನು ಅವರ ಅಲಮಾರಿಯಲ್ಲಿ ಆರು ವರ್ಷ ಇದ್ದೆ. ಅವರು ಆಗಾಗ ತೆಗೆದು ಓದುತ್ತಿದ್ದರು. ಹನ್ನೆರಡನೆಯ ಪುಟಕ್ಕೆ ಬಂದಾಗ ಒಬ್ಬರೇ ನಗುತ್ತಿದ್ದರು. ಮಡಿಚಿದ ಹಾಳೆ ಬಂದಾಗ ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಕೇಳುವವರು ಯಾರಿದ್ದರು? ಆದರೂ ಬಿಚ್ಚಲಿಲ್ಲ.

ಹೋದ ವರ್ಷ ಪುಸ್ತಕ ಪ್ರದರ್ಶನದಿಂದ ಅವರು ಒಂದು ದಪ್ಪ ಪುಸ್ತಕ ತಂದರು. ಕಪ್ಪೆ ಮಂತ್ರಿಯ ಇಪ್ಪತ್ತೆರಡು ಸಂಚಿಕೆಗಳನ್ನೂ ಸೇರಿಸಿ ಹೊಸದಾಗಿ ಅಚ್ಚು ಹಾಕಿದ್ದರು. ಅದನ್ನು ಮೇಜಿನ ಮೇಲಿಟ್ಟು ಮೂರು ದಿನ ಅದರ ಸುತ್ತ ಓಡಾಡಿದರು. ನಾಲ್ಕನೆಯ ದಿನ, "ಆಕಿ ನನ್ನ ಕಡಿಂದ ಸೋತೆ ಅನ್ನಸಲಿ ಬಿಡು ಇನ್ನ," ಎಂದು ತಮಗೆ ತಾವೇ ಹೇಳಿಕೊಂಡು ಕನ್ನಡಕ ಹಾಕಿದರು. ಒಂಬತ್ತನೆಯದಕ್ಕೆ ನೇರ ಹಾರಲಿಲ್ಲ. ಒಂದರಿಂದ ಕ್ರಮವಾಗಿ, ದಿನಕ್ಕೆ ಒಂದರಂತೆ ಓದಿದರು. ಒಂಬತ್ತನೆಯ ದಿನ ಬೆಳಿಗ್ಗೆ ದೋಣಿಯಾಕೆಯ ಪ್ರಶ್ನೆಯವರೆಗೆ ಓದಿ ನಿಲ್ಲಿಸಿ, ನನ್ನನ್ನು ತೆಗೆದು, ಹಾಳೆ ಬಿಚ್ಚಿದರು. ಮುಖದಲ್ಲಿ ಸಣ್ಣ ನಗು ಸಿದ್ಧವಾಗಿತ್ತು.

ಆ ನಗು ಎಲ್ಲಿ ಹೋಯಿತೆಂದು ನಾನು ನೋಡಿದೆ. ಯಾವ ಪುಸ್ತಕಕ್ಕೂ ಅಂಥದ್ದನ್ನು ನೋಡುವ ಗತಿ ಬರಬಾರದು. ಮೂರು ಸಲ ಓದಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಐದನೆಯ ತಾರೀಖು ಇನ್ನೂ ದಾಟಿಲ್ಲವೇನೋ ಎಂಬಂತೆ ನೋಡಿದರು.

ಸಂಜೆ ಫಕ್ಕೀರಪ್ಪನವರಿಗೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕಡೆಗೆ ನೀಲಗಂಗಾಳ ಸುದ್ದಿ ಕೇಳಿದರು. ಸೊಲ್ಲಾಪುರದಲ್ಲಿ ಸುಖವಾಗಿದ್ದಾಳೆ, ಮೊಮ್ಮಕ್ಕಳಿದ್ದಾರೆ ಎಂದು ತಿಳಿಯಿತು. "ಚಲೋ ಆತ್ರಿ," ಎಂದು ಫೋನ್ ಇಟ್ಟರು.

ಮರುದಿನ ಪೆನ್ನು ಹಿಡಿದು ಕೂತರು. ನನ್ನ ಕೊನೆಯ ಖಾಲಿ ಪುಟಗಳಲ್ಲಿ ಒಂಬತ್ತನೆಯ ಸಂಚಿಕೆಯ ಬಗ್ಗೆ ಎರಡು ಪುಟ ತುಂಬ ಬರೆದರು. ಹೊಳೆಯ ಚಿತ್ರ ಚೆನ್ನಾಗಿದೆ ಎಂದರು. ಮಂತ್ರಿ ದ್ವೀಪ ಬಿಟ್ಟದ್ದು ಸರಿ ಎಂದು ಒಪ್ಪಿದರು. ‘ನಾನು ಸೋತೆ’ ಎಂದು ಬರೆದು ಸಹಿ ಹಾಕಿದರು. ಬರೆಯುತ್ತಾ ಬರೆಯುತ್ತಾ ಕೈಗೆ ಹಳೆಯ ಅವಸರ ಬಂದಿತ್ತು.

ಆಮೇಲೆ ಹಿಂದಕ್ಕೆ ತಿರುಗಿಸಿ ಆ ಹಾಳೆಗೆ ಬಂದರು. ಅವಳ ಸಣ್ಣ ಅಕ್ಷರಗಳ ಕೆಳಗೆ ಪೆನ್ನು ಇಟ್ಟರು. ಅಲ್ಲಿ ಒಂದು ಚುಕ್ಕೆ ಮೂಡಿತು. ಆ ಚುಕ್ಕೆ ಹಿಗ್ಗುತ್ತ ಹೋಯಿತೇ ಹೊರತು ಅಕ್ಷರವಾಗಲಿಲ್ಲ. ಬಹಳ ಹೊತ್ತಾದ ಮೇಲೆ ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದರು.

ಈಗ ನನ್ನ ಇನ್ನೂರು ಪುಟವೂ ತುಂಬಿದೆ. ಕಪ್ಪೆಯ ಕಿವಿ, ಲೇಖನಿ, ರುಮಾಲು, ಎಲ್ಲದಕ್ಕೂ ಪ್ರಶ್ನೆ ಇದೆ, ಉತ್ತರವೂ ಇದೆ. ಆ ಮೂರು ಸಾಲು ಮಾತ್ರ ಖಾಲಿ.